ಎರಡು ಬಳಗದ ಮಗು: ಮಿಶ್ರ ಮನೆತನದ ತಂದೆ-ತಾಯಂದಿರಿಗೆ ಒಂದು ಮಾರ್ಗದರ್ಶಿ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಒಂದೇ ಮನೆಯೊಳಗೆ ಎರಡು ಭಾಷೆ, ಎರಡು ಸಮುದಾಯ, ಕೆಲವೆಡೆ ಎರಡು ಧರ್ಮಗಳು ಕೂಡಿ ಬಾಳುವುದು ಇಂದು ನಿನ್ನೆಯ ಮಾತಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಏಳು ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದಾಗ ರಾಯಚೂರು ಜಿಲ್ಲೆ ಈಚೆಗೆ ಬಂತು, ಅದರದೇ ಗದ್ವಾಲ ಮತ್ತು ಆಲಂಪುರ ಆಚೆ ಉಳಿದವು. ನಕ್ಷೆಯ ಮೇಲೆ ಗೆರೆ ಬಿದ್ದರೂ ಹೆಣ್ಣು ಕೊಟ್ಟು ತರುವ ಸಂಬಂಧ ನಿಲ್ಲಲಿಲ್ಲ. ತುಂಗಭದ್ರೆಯ ಕಾಲುವೆಗಳಲ್ಲಿ ನೀರು ಹರಿದ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಸುತ್ತ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಸಿಂಧನೂರು ತಾಲ್ಲೂಕಿನಲ್ಲಿ ಪುನರ್ವಸತಿಗೆಂದು ಕಟ್ಟಿದ ಆರ್‌.ಎಚ್‌. ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದವರು ನೆಲೆಸಿದರು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಒಡಿಶಾ, ಬಿಹಾರ, ಜಾರ್ಖಂಡದ ದುಡಿಯುವ ಮಂದಿಯನ್ನು ಕರೆತಂದಿತು. ಇವರೆಲ್ಲರ ನಡುವೆ ಲಂಬಾಣಿ ತಾಂಡಾಗಳ ಗೋರ್‌ಬೋಲಿ, ರಾಯಚೂರು ಕೋಟೆಯ ಸುತ್ತಿನ ಉರ್ದು, ಊರೂರಿನ ಕನ್ನಡ ಮೊದಲಿನಿಂದಲೂ ಇವೆ.

ಇಷ್ಟು ಬಗೆಯ ಜನ ಒಂದೇ ಸಂತೆಯಲ್ಲಿ, ಒಂದೇ ಶಾಲೆಯಲ್ಲಿ, ಒಂದೇ ಗದ್ದೆಯ ಬದುವಿನಲ್ಲಿ ಕೂಡುವಾಗ ಮದುವೆಗಳೂ ಗೆರೆ ದಾಟುತ್ತವೆ. ದಾಟಿದ ಗಂಡ-ಹೆಂಡತಿಗೆ ತಾವೇಕೆ ದಾಟಿದೆವು ಎಂಬುದು ಗೊತ್ತಿರುತ್ತದೆ. ಅವರ ಮಗುವಿಗಾದರೋ ಅದು ಆಯ್ಕೆಯಾಗಿರುವುದಿಲ್ಲ. ಕಣ್ಣು ಬಿಟ್ಟ ದಿನದಿಂದ ಎರಡು ಬಳಗಗಳು ಅದಕ್ಕೆ ಇರುತ್ತವೆ, ಅಥವಾ ಒಂದು ಇದ್ದು ಇನ್ನೊಂದು ಬಾಗಿಲು ಮುಚ್ಚಿಕೊಂಡಿರುತ್ತದೆ. ಇಂಥ ಮನೆಗಳನ್ನು ಹತ್ತಿರದಿಂದ ಕಂಡು ನಾನು ತಲುಪಿರುವ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ಬಳಗಗಳಿರುವುದರಿಂದ ಮಗುವಿನ ಮನಸ್ಸು ಕೆಡುವುದಿಲ್ಲ. ಆ ಕುರಿತು ಮನೆಯಲ್ಲಿ ಯಾರೂ ಬಾಯಿ ಬಿಡದಿದ್ದರೆ, ಒಂದು ಬಳಗವನ್ನು ಮುಚ್ಚಿಟ್ಟರೆ, ಹಿರಿಯರ ವ್ಯಾಜ್ಯಕ್ಕೆ ಮಗುವನ್ನೇ ಪಂಚರನ್ನಾಗಿ ಕೂರಿಸಿದರೆ ಕೆಡುತ್ತದೆ. ಬೀದಿ ಕೇಳುವ ಪ್ರಶ್ನೆಗೆ ಉತ್ತರ ಮನೆಯಲ್ಲಿ ಮೊದಲೇ ಸಿದ್ಧವಾಗಿರಬೇಕು. ಮುಂದಿನ ಹೆಜ್ಜೆಗಳು ಆ ಸಿದ್ಧತೆಗಾಗಿ.

ಮೊದಲ ಹೆಜ್ಜೆ: ಹಿರಿಯರ ಲೆಕ್ಕ ಹಿರಿಯರಲ್ಲೇ ತೀರಲಿ

ಮಗು ಹುಟ್ಟುವ ಮುನ್ನ ಗಂಡ-ಹೆಂಡತಿ ಇಬ್ಬರೇ ಕುಳಿತು ಮಾತಾಡಿಕೊಳ್ಳಬೇಕಾದ ಸಂಗತಿಗಳಿವೆ. ತೊಟ್ಟಿಲು ಯಾರ ಮನೆಯಲ್ಲಿ, ಹೆಸರು ಯಾವ ಕಡೆಯದು, ಜವಳ ತೆಗೆಸುವುದೋ ಮುಸ್ಲಿಮರ ಕೂಸಿನ ಸಂಸ್ಕಾರವಾದ ಅಕೀಕಾ ಮಾಡುವುದೋ ಎರಡೂ ಬೇಡವೋ, ಮನೆಯ ಒಲೆಯ ಮೇಲೆ ಮಾಂಸ ಬೇಯಬಹುದೋ, ಯಾವ ಹಬ್ಬಕ್ಕೆ ಯಾವ ಊರಿಗೆ ಹೋಗುವುದು ಎಂಬ ವಿಷಯಗಳನ್ನು ತೊಟ್ಟಿಲ ಸುತ್ತ ನೆಂಟರು ನೆರೆದ ದಿನ ತೀರ್ಮಾನಿಸಲು ಹೋದರೆ ಅದು ಇಬ್ಬರ ನಡುವಿನ ಮಾತಾಗಿ ಉಳಿಯುವುದಿಲ್ಲ. ಎರಡು ಬಳಗಗಳ ಮರ್ಯಾದೆಯ ಪ್ರಶ್ನೆಯಾಗುತ್ತದೆ. ಆದ್ದರಿಂದ ಇಬ್ಬರೂ ಒಪ್ಪಿದ್ದನ್ನು ಮೊದಲು ನಿಶ್ಚಯಿಸಿಕೊಂಡು, ಅನಂತರ ಅವರವರ ತಂದೆ-ತಾಯಿಗೆ ಅವರವರೇ ತಿಳಿಸುವುದು ಒಳ್ಳೆಯದು.

ಈ ಮಾತುಕತೆಯಲ್ಲಿ ಒಂದು ವಿಂಗಡಣೆ ಉಪಯೋಗಕ್ಕೆ ಬರುತ್ತದೆ. ಕೆಲವು ಸಂಗತಿಗಳನ್ನು ಎರಡೂ ಕಡೆಯಂತೆ ಮಾಡಬಹುದು: ಯುಗಾದಿಗೆ ಬೇವು-ಬೆಲ್ಲವೂ ಇರಲಿ, ರಂಜಾನಿಗೆ ಸುರಕುಂಬಾವೂ ಇರಲಿ. ಕೆಲವನ್ನು ಈಗಲೇ ತೀರ್ಮಾನಿಸಲೇಬೇಕು: ಹೆಸರು, ಮನೆಮಾತು, ಶಾಲೆ. ಮಗುವಿನ ಮೈಮೇಲೆ ಗುರುತು ಉಳಿಸುವ ಅಥವಾ ಅದನ್ನು ಒಂದು ಧರ್ಮಕ್ಕೆ ಕಟ್ಟಿಹಾಕುವ ಸಂಸ್ಕಾರಗಳು ಮೂರನೆಯ ಗುಂಪಿನವು. ಇಬ್ಬರ ಮನಸ್ಸೂ ಪೂರ್ತಿ ಒಪ್ಪುವವರೆಗೆ ಅವುಗಳನ್ನು ತಡೆದಿಡಬೇಕೆಂಬುದು ನನ್ನ ಅಭಿಪ್ರಾಯ. ಒಬ್ಬರು ಊರಿಗೆ ಹೋದಾಗ ಇನ್ನೊಬ್ಬರ ಮನೆಯವರು ಮುಗಿಸಿಬಿಟ್ಟ ಸಂಸ್ಕಾರದ ನೋವು ವರ್ಷಗಳು ಕಳೆದರೂ ಆರದೆ, ಕೊನೆಗೆ ಮಗುವಿನ ಕಿವಿಗೇ ಬೀಳುತ್ತದೆ.

ಜಗಳದ ನಡುವೆ ಆಡುವ ಮಾತಿನ ಕುರಿತೂ ಒಂದು ಕಟ್ಟಳೆ ಬೇಕು. ಗಂಡ-ಹೆಂಡತಿ ಜಗಳವಾಡುವುದು ಸಹಜ. ಆದರೆ "ನಿಮ್ಮ ಮಂದಿ ಬುದ್ಧಿನೇ ಇಷ್ಟು" ಎಂಬ ಮಾತು ಗಂಡನಿಗೋ ಹೆಂಡತಿಗೋ ನಾಟುವುದಕ್ಕಿಂತ ಹೆಚ್ಚಾಗಿ ಮೂಲೆಯಲ್ಲಿ ಕುಳಿತು ಪಾಟಿಯ ಮೇಲೆ ಬರೆಯುತ್ತಿರುವ ಮಗುವಿಗೆ ನಾಟುತ್ತದೆ, ಏಕೆಂದರೆ ಆ ಮಂದಿ ಅದರದೂ ಹೌದು. ಮಗು ಹಟ ಮಾಡಿದಾಗ "ಥೇಟ್ ನಿಮ್ಮವ್ವನ ಕಡೆಯವರ ಹಂಗ ಆಗ್ಯಾನ" ಎನ್ನುವುದೂ ಇದೇ ಜಾತಿಯ ಮಾತು. ಉಪ್ಪು ಹೆಚ್ಚಾದದ್ದಕ್ಕೆ, ದುಡ್ಡು ಪೋಲಾದದ್ದಕ್ಕೆ ಎಷ್ಟು ಬೇಕಾದರೂ ಜಗಳವಾಡಬಹುದು. ಒಬ್ಬರ ಜಾತಿ, ಭಾಷೆ, ಧರ್ಮ, ಮೈಬಣ್ಣವನ್ನು ಜಗಳಕ್ಕೆ ಎಳೆಯುವಂತಿಲ್ಲ ಎಂದು ಇಬ್ಬರೂ ಒಪ್ಪಿಕೊಂಡು, ಮೀರಿದಾಗ ಮಗುವಿನ ಎದುರಿನಲ್ಲೇ ತಪ್ಪೊಪ್ಪಿಕೊಳ್ಳಬೇಕು.

ಎರಡನೆಯ ಹೆಜ್ಜೆ: ಮಗು ಕೇಳುವ ಮುನ್ನವೇ ಹೇಳಿ

"ಇನ್ನೂ ಸಣ್ಣದು, ಏನು ತಿಳಿದೀತು" ಎಂಬ ನಂಬಿಕೆಯಿಂದ ಅನೇಕರು ಸುಮ್ಮನಿರುತ್ತಾರೆ. ಅಮೆರಿಕದಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞ ದಂಪತಿ 1940ರ ದಶಕದ ಹೊತ್ತಿಗೆ ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ ಬಣ್ಣವೊಂದು ಬಿಟ್ಟು ಉಳಿದೆಲ್ಲವೂ ಒಂದೇ ಆಗಿದ್ದ ಬಿಳಿ ಮತ್ತು ಕಂದು ಗೊಂಬೆಗಳನ್ನಿಟ್ಟು ಕೇಳಿದಾಗ, ಆ ಮಕ್ಕಳಲ್ಲಿ ಹೆಚ್ಚಿನವರು ಬಿಳಿ ಗೊಂಬೆಯನ್ನೇ ಒಳ್ಳೆಯದೆಂದರು. ಅಷ್ಟು ಚಿಕ್ಕ ವಯಸ್ಸಿಗೇ ಸಮಾಜದ ತಕ್ಕಡಿ ಮಕ್ಕಳೊಳಗೆ ಇಳಿದಿರುತ್ತದೆ. ನಮ್ಮ ಅಂಗನವಾಡಿಯ ಮಗುವಿಗೂ ಯಾರ ಮನೆಯ ನೀರನ್ನು ಯಾರು ಕುಡಿಯುವುದಿಲ್ಲ ಎಂಬುದು ಕಾಣುತ್ತಿರುತ್ತದೆ. ನಾವು ಹೇಳದೆ ಉಳಿಸಿದ ಜಾಗವನ್ನು ಅದು ಬೀದಿಯಲ್ಲಿ ಕೇಳಿದ ಮಾತಿನಿಂದ ತುಂಬಿಕೊಳ್ಳುತ್ತದೆ.

ಮೂರು-ನಾಲ್ಕು ವರ್ಷಕ್ಕೆ ಇಷ್ಟು ಸಾಕು: "ಅಪ್ಪ ತಾಂಡಾದಾಗ ಬೆಳೆದಾನ, ಅಲ್ಲಿ ಗೋರ್‌ಬೋಲಿ ಮಾತಾಡ್ತಾರ. ಅವ್ವ ಕ್ಯಾಂಪಿನಾಗ ಬೆಳೆದಾಳ, ಅಲ್ಲಿ ತೆಲುಗು ಮಾತಾಡ್ತಾರ. ನಿನಗ ಎರಡೂ ಮನಿ ಅದಾವ." ಆರೇಳು ವರ್ಷಕ್ಕೆ ಊರು, ಕಸುಬು, ದೇವರು, ಊಟದ ವ್ಯತ್ಯಾಸಗಳನ್ನು ಸೇರಿಸಬಹುದು. ಒಂಬತ್ತು-ಹತ್ತರ ಹೊತ್ತಿಗೆ ಜಾತಿ ಎಂದರೇನು, ಅದರಿಂದ ಯಾರಿಗೆ ಯಾವ ಅನ್ಯಾಯವಾಗಿದೆ, ಅಪ್ಪ-ಅವ್ವನ ಮದುವೆಗೆ ಯಾರು ಒಪ್ಪಲಿಲ್ಲ ಮತ್ತು ಏಕೆ ಎಂಬುದನ್ನು ಬಣ್ಣ ಹಚ್ಚದೆ, ಯಾರನ್ನೂ ರಾಕ್ಷಸರನ್ನಾಗಿ ಮಾಡದೆ ಹೇಳಬೇಕು. ಒಮ್ಮೆ ಕೂರಿಸಿ ಹೇಳಿ ಮುಗಿಸುವ ವಿಷಯ ಇದಲ್ಲ. ಜಾತ್ರೆಗೆ ಹೋಗುವ ಬಸ್ಸಿನಲ್ಲಿ, ಶೇಂಗಾ ಸುಲಿಯುತ್ತ ಕುಳಿತಾಗ ಸ್ವಲ್ಪ ಸ್ವಲ್ಪವಾಗಿ ಬರಬೇಕು.

"ನೀನು ಅರ್ಧ ಇವರು, ಅರ್ಧ ಅವರು" ಎಂದು ಹೇಳುವುದನ್ನು ಬಿಡುವುದು ಲೇಸು. ಎರಡರಲ್ಲೂ ಪೂರ್ತಿ ಪಾಲಿದೆ ಎಂದು ಕೇಳುತ್ತ ಬೆಳೆದ ಮಗು ತನ್ನಲ್ಲಿ ಏನೋ ಕಡಿಮೆಯಿದೆ ಎಂದುಕೊಳ್ಳುವುದಿಲ್ಲ. ಗೋಡೆಯ ಮೇಲೆ ಎರಡೂ ಕಡೆಯ ಅಜ್ಜ-ಅಜ್ಜಿಯರ ಫೋಟೊ ಇರಲಿ. ಮಾತು ಬಿಟ್ಟವರ ಫೋಟೊವೂ ಇರಲಿ.

ಮೂರನೆಯ ಹೆಜ್ಜೆ: ಭಾಷೆಯನ್ನು ಕೈಬಿಡಬೇಡಿ

ಮಿಶ್ರ ಮನೆಗಳಲ್ಲಿ ಮೊದಲು ಸೋಲುವುದು ಸಣ್ಣ ಭಾಷೆ. ತಂದೆಯ ಗೋರ್‌ಬೋಲಿ, ತಾಯಿಯ ತೆಲುಗು, ಬೀದಿಯ ಕನ್ನಡ, ಶಾಲೆಯ ಇಂಗ್ಲಿಷ್ ಎಂದು ನಾಲ್ಕು ಕೂಡಿದಲ್ಲಿ "ಮಗುವಿಗೆ ಗೊಂದಲವಾಗುತ್ತದೆ" ಎಂಬ ಮಾತು ಹುಟ್ಟಿ, ಗೋರ್‌ಬೋಲಿ ಮೊದಲು ಹೊರಗೆ ಹೋಗುತ್ತದೆ. ಅದರೊಂದಿಗೆ ಆ ಕಡೆಯ ಅಜ್ಜಿಯೂ ಮೂಕಿಯಾಗುತ್ತಾಳೆ. ಮೊಮ್ಮಗು ಎದುರಿಗಿದ್ದರೂ ಕಥೆ ಹೇಳಲಾರಳು, ಗದರಿಸಲಾರಳು.

ಎರಡು ಮೂರು ಭಾಷೆಗಳನ್ನು ಒಟ್ಟಿಗೆ ಕೇಳುವುದರಿಂದ ಮಗುವಿನ ಮಾತು ಕುಂಠಿತವಾಗುವುದಿಲ್ಲ ಎಂಬುದು ಭಾಷಾ ಕಲಿಕೆಯನ್ನು ಅಭ್ಯಾಸ ಮಾಡಿದವರು ಸ್ಪಷ್ಟವಾಗಿ ಕಂಡುಕೊಂಡಿರುವ ಸಂಗತಿ. ನಾಲ್ಕು ವರ್ಷದ ಹುಡುಗಿಯೊಬ್ಬಳು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು "ಅವ್ವಾ, ನೀಳ್ಳು ಕೊಡು" ಎಂದಳೆನ್ನಿ. ಅದು ತೆಲುಗು, ಇದು ಕನ್ನಡ ಎಂದು ಅವಳನ್ನು ತಿದ್ದುವ ಅಗತ್ಯವಿಲ್ಲ. "ನೀರು ಬೇಕೇನವ್ವಾ? ತಗೋ" ಎಂದು ಲೋಟ ಕೊಟ್ಟರೆ ಸಾಕು, ಬೆಳೆಯುತ್ತ ಯಾರೊಡನೆ ಯಾವ ಮಾತು ಎಂಬುದನ್ನು ಅವಳೇ ವಿಂಗಡಿಸಿಕೊಳ್ಳುತ್ತಾಳೆ. ಬೆರಕೆ ಮಾತನ್ನು ನೋಡಿ ನಗುವುದು ಮಾತ್ರ ಕೂಡದು, ನಕ್ಕ ಭಾಷೆಯನ್ನು ಮಗು ಮತ್ತೆ ಮುಟ್ಟುವುದಿಲ್ಲ.

ಅನುಸರಿಸಬೇಕಾದ ರೀತಿ ಸರಳವಾದದ್ದು. ತಂದೆಯಾಗಲಿ ತಾಯಿಯಾಗಲಿ, ತಮಗೆ ಮುದ್ದಿಸಲು, ಬೈಯಲು, ಜೋಗುಳ ಹಾಡಲು ತಾನಾಗಿ ಬರುವ ಭಾಷೆಯಲ್ಲೇ ಮಗುವಿನೊಡನೆ ಮಾತಾಡಬೇಕು. ಅದು ಸಾಧ್ಯವಾಗದ ಕೂಡುಕುಟುಂಬದಲ್ಲಿ ಹೊತ್ತನ್ನಾದರೂ ಗೊತ್ತು ಮಾಡಿಕೊಳ್ಳಬಹುದು. ರಾತ್ರಿ ಮಲಗುವ ಹೊತ್ತಿನ ಕಥೆ ಸಣ್ಣ ಭಾಷೆಯಲ್ಲಿ ಎಂದು ಮಾಡಿಕೊಂಡ ಮನೆಗಳಲ್ಲಿ ಆ ಭಾಷೆ ಉಳಿದಿದೆ. ಮಗು ಅರ್ಥ ಮಾಡಿಕೊಂಡು ಕನ್ನಡದಲ್ಲಿ ಉತ್ತರಿಸಿದರೆ ಬೇಸರ ಬೇಡ, ನಿಮ್ಮ ಭಾಷೆಯಲ್ಲೇ ಮುಂದುವರಿಸಿ. ರಜೆಯಲ್ಲಿ ಆ ಭಾಷೆ ಬಿಟ್ಟು ಬೇರೆ ತಿಳಿಯದ ಅಜ್ಜಿಯ ಮನೆಯಲ್ಲಿ ಬಿಟ್ಟರೆ ಒಳಗಿದ್ದ ಮಾತು ಹೊರಗೆ ಬರುತ್ತದೆ.

ಓದು-ಬರಹದ ವಿಷಯದಲ್ಲಿ ಭಾಷೆಯಿಂದ ಭಾಷೆಗೆ ದಾರಿ ಬೇರೆ. ಕನ್ನಡ ಓದಬಲ್ಲ ಮಗುವಿಗೆ ತೆಲುಗು ಅಕ್ಷರ ಹೊರೆಯಲ್ಲ, ಎರಡೂ ಲಿಪಿಗಳು ಅಷ್ಟು ಹತ್ತಿರದವು. ಉರ್ದು ಬಲದಿಂದ ಎಡಕ್ಕೆ ಹೋಗುವ ಬೇರೆಯದೇ ಲಿಪಿ. ಅದಕ್ಕೆ ದಿನವೂ ಸ್ವಲ್ಪ ಹೊತ್ತು, ಕಲಿಸುವವರೊಬ್ಬರು ಬೇಕು. ಗೋರ್‌ಬೋಲಿಗೆ ಸ್ವಂತ ಲಿಪಿಯ ರೂಢಿಯಿಲ್ಲ, ನಮ್ಮಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತಾರೆ. ಆದ್ದರಿಂದ ಅಜ್ಜಿಯ ಹಾಡು, ಒಗಟು, ಮದುವೆಯ ಹೊತ್ತಿನ ಢಾವಲೊ ಹಾಡುಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಡುವುದು ಈಗಲೇ ಮಾಡಬೇಕಾದ ಕೆಲಸ.

ಇಷ್ಟಾದರೂ ಒಂದು ಎಚ್ಚರಿಕೆ. ಹದಿನೆಂಟು ತಿಂಗಳಾದರೂ ಯಾವ ಭಾಷೆಯಲ್ಲೂ ಒಂದು ಪದವೂ ಬಾರದಿದ್ದರೆ, ಎರಡು ವರ್ಷ ತುಂಬಿದರೂ ಎರಡು ಪದ ಜೋಡಿಸದಿದ್ದರೆ, ಬಂದ ಮಾತು ಹೋದರೆ, "ಮನೆಯಲ್ಲಿ ಎರಡು ಭಾಷೆ ಇವೆ, ಅದಕ್ಕೆ" ಎಂದು ಕಾಯದೆ ಕಿವಿಯ ಪರೀಕ್ಷೆ ಮಾಡಿಸಿ ವಾಕ್‌ಚಿಕಿತ್ಸಕರಿಗೆ ತೋರಿಸಬೇಕು. ಪದಗಳನ್ನು ಎಣಿಸುವಾಗ ಎಲ್ಲ ಭಾಷೆಗಳ ಪದಗಳನ್ನೂ ಕೂಡಿಸಿ ಎಣಿಸುವಂತೆ ಅವರಿಗೆ ಹೇಳಿ. ಈ ಭಾಗದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮೊದಲು ವಿಚಾರಿಸಬಹುದು. ಹೆಚ್ಚಿನ ಪರೀಕ್ಷೆ ಬೇಕಾದರೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ.

ನಾಲ್ಕನೆಯ ಹೆಜ್ಜೆ: ಅಜ್ಜ-ಅಜ್ಜಿ, ನೆಂಟರಿಷ್ಟರು

ತಂದೆಯ ತಾಯಿಯನ್ನು ದಾದಿ ಎನ್ನುವುದಾದರೆ ದಾದಿ ಎನ್ನಲಿ, ತಾಯಿಯ ತಾಯಿಯನ್ನು ಅಮ್ಮಮ್ಮ ಎನ್ನುವುದಾದರೆ ಹಾಗೆಯೇ ಕರೆಯಲಿ. ಎರಡನ್ನೂ ಒಂದೇ ಕರೆಯಾಗಿಸುವ ಅಗತ್ಯವಿಲ್ಲ.

ಒಂದು ಮನೆಯ ಪ್ರಸಂಗವನ್ನು ಹೇಳಬೇಕು. ಏಳು ವರ್ಷದ ಹುಡುಗ, ತಂದೆಯ ಊರಿಗೆ ರಜೆಗೆ ಹೋಗಿದ್ದ. ಅಜ್ಜಿ ಪ್ರೀತಿಯವಳೇ, ಬಿಸಿ ರೊಟ್ಟಿ, ಪುಂಡಿಪಲ್ಯೆ, ಮೇಲೊಂದು ಬೆಣ್ಣೆಯ ಮುದ್ದೆ ಹಾಕಿ ಕೂರಿಸಿ ಉಣಿಸುತ್ತಿದ್ದಳು. ಅವನ ತಾಟನ್ನು ಮಾತ್ರ ಉಳಿದವುಗಳೊಡನೆ ಸೇರಿಸದೆ, ತೊಳೆದು ಬಚ್ಚಲ ಪಕ್ಕದ ಗೂಡಿನಲ್ಲಿ ಬೇರೆ ಇಡುತ್ತಿದ್ದರು. ಯಾರೂ ಅವನಿಗೆ ಏನನ್ನೂ ಹೇಳಿರಲಿಲ್ಲ. ಮುಂದಿನ ರಜೆಯಲ್ಲಿ ಉಂಡ ಕೂಡಲೇ ಅವನೇ ಎದ್ದು ತಾಟು ತೊಳೆದು ಆ ಗೂಡಿನಲ್ಲಿಟ್ಟು ಬಂದ. ಅದನ್ನು ಕಂಡ ತಂದೆ ಅಂದು ರಾತ್ರಿಯೇ ತನ್ನ ತಾಯಿಯೊಡನೆ ಕುಳಿತು, ದನಿ ಏರಿಸದೆ, "ಅವನ ತಾಟು ಒಳಗ ಇಡದಿದ್ರ ನನ್ನ ತಾಟೂ ಹೊರಗೇ ಇರಲಿ" ಎಂದು ಹೇಳಿದ. ಮರುದಿನದಿಂದ ಎರಡೂ ಒಳಗೆ ಬಂದವು.

ಆ ತಂದೆ ಮಾಡಿದ್ದರಲ್ಲಿ ಎಲ್ಲ ಮಿಶ್ರ ಮನೆಗಳೂ ಅನುಸರಿಸಬೇಕಾದ ಕ್ರಮವಿದೆ. ಅವರವರ ಬಳಗಕ್ಕೆ ಅವರವರೇ ಹೇಳಬೇಕು. ಸೊಸೆ ಅತ್ತೆಗೆ ಹೇಳಿದರೆ ಅದು ಜಗಳ. ಮಗ ತಾಯಿಗೆ ಹೇಳಿದರೆ ಮಾತು ತೂಕ ಪಡೆಯುತ್ತದೆ. ಸಮಯ ಕೊಡಬಹುದಾದ ಸಂಗತಿಗಳು ಹಲವಿವೆ, ಹಳೆಯ ಜೀವಗಳು ಎಲ್ಲವನ್ನೂ ಒಂದೇ ವರ್ಷದಲ್ಲಿ ಬಿಡಲಾರವು. ಮಗುವಿನ ಎದುರು ತಂದೆಯನ್ನೋ ತಾಯಿಯನ್ನೋ ಹೀಯಾಳಿಸುವುದು, ತಾಟು-ಲೋಟ ಬೇರೆ ಇಡುವುದು, ಗುಟ್ಟಾಗಿ ಸಂಸ್ಕಾರ ಮಾಡಿಸುವುದು ಮಾತ್ರ ಅವುಗಳಲ್ಲಿ ಸೇರುವುದಿಲ್ಲ. ಅಂಥ ಕಡೆ ಮಗುವನ್ನು ಒಂಟಿಯಾಗಿ ಬಿಟ್ಟುಬರಬಾರದು.

ಒಳ್ಳೆಯ ಕೂಟಗಳಿಗೆ ನಮ್ಮ ಸೀಮೆಯಲ್ಲಿ ಕೊರತೆಯಿಲ್ಲ. ಮುದಗಲ್ಲಿನ ಮೊಹರಂಗೆ ಎಲ್ಲ ಜಾತಿಯವರೂ ಹರಕೆ ಹೊತ್ತು ಬರುತ್ತಾರೆ. ಮುಸ್ಲಿಮರಿಲ್ಲದ ಹಳ್ಳಿಗಳಲ್ಲೂ ಅಲಾಯಿ ದೇವರು ಕೂಡುತ್ತವೆ. ಹುಲಿಗೆಮ್ಮನ ಜಾತ್ರೆಗೆ, ಕೊಪ್ಪಳದ ಗವಿಮಠದ ತೇರಿಗೆ ಬರುವ ಜನಕ್ಕೆ ಲೆಕ್ಕವಿಲ್ಲ. ಎರಡೂ ಬಳಗದವರು ಒಬ್ಬರ ಮನೆಗೊಬ್ಬರು ಹೋಗಲು ಹಿಂಜರಿಯುವ ಕಾಲದಲ್ಲಿ ಇಂಥ ಬಯಲು ಜಾಗದಲ್ಲಿ ಸೇರಿಸುವುದು ಸುಲಭ. ಮೊದಲ ಭೇಟಿಯಲ್ಲಿ ಯಾರೂ ಯಾರ ಅಡುಗೆಮನೆಯನ್ನೂ ನೋಡಬೇಕಾಗುವುದಿಲ್ಲ.

ವಿರೋಧ ಬೆದರಿಕೆಯ ಮಟ್ಟಕ್ಕೆ ಹೋದರೆ ಹೊಂದಾಣಿಕೆಯ ಮಾತು ಬದಿಗಿರಲಿ, ಮೊದಲು ಜೀವ ಉಳಿಯಬೇಕು. ವಯಸ್ಕರಿಬ್ಬರ ಮದುವೆಯಲ್ಲಿ ಪಂಚಾಯಿತಿ ಸೇರಿಸಿ ಅಡ್ಡಿ ಮಾಡುವುದು ಕಾನೂನುಬಾಹಿರವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅಂಥ ದಂಪತಿಗಳ ರಕ್ಷಣೆಗೆ ಜಿಲ್ಲೆಗಳಲ್ಲಿ ವಿಶೇಷ ಘಟಕಗಳನ್ನು ರಚಿಸುವಂತೆ ಸೂಚಿಸಿದೆ. ತುರ್ತು ಕರೆಗೆ 112, ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವಿಗೆ 15100. ಪರಿಶಿಷ್ಟ ಜಾತಿ-ಪಂಗಡದವರ ಮೇಲೆ ಇತರರು ಸಾಮಾಜಿಕ ಬಹಿಷ್ಕಾರ ಹಾಕಿದರೆ ಅದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ.

ಐದನೆಯ ಹೆಜ್ಜೆ: "ನೀವು ಯಾರ ಪೈಕಿ?"

ನಮ್ಮ ಕಡೆ ಈ ಪ್ರಶ್ನೆಯನ್ನು ಬಸ್ ಸ್ಟ್ಯಾಂಡಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಬಾಡಿಗೆ ಮನೆ ನೋಡಲು ಹೋದಲ್ಲಿ ಯಾರು ಬೇಕಾದರೂ ಕೇಳುತ್ತಾರೆ. ಕೇಳುವವರೆಲ್ಲ ಕೆಟ್ಟವರಲ್ಲ, ಆದರೆ ಎಂಟು ವರ್ಷದ ಮಗು ಅದರ ಹಿಂದಿರುವುದನ್ನು ಅಳೆಯಲಾರದು. ಆದ್ದರಿಂದ ಉತ್ತರವನ್ನು ಮನೆಯಲ್ಲೇ ಆಡಿಸಿ ನೋಡಬೇಕು. ಅಪ್ಪ ಗಿರಣಿಯವನಾಗಲಿ, ಮಗು ಹಿಟ್ಟು ಬೀಸಿಸಲು ಬರಲಿ. "ನಮ್ಮಪ್ಪ ಈ ಊರವರು, ನಮ್ಮವ್ವ ಸಿಂಧನೂರು ಕ್ಯಾಂಪಿನವರು" ಎಂಬುದು ಒಂದು ಉತ್ತರ. "ನಮ್ಮನ್ಯಾಗ ಇಬ್ಬರದೂ ಐತ್ರಿ" ಎಂಬುದು ಇನ್ನೊಂದು. "ಅದನ್ನ ನಮ್ಮಪ್ಪನ್ನ ಕೇಳ್ರಿ" ಎಂದು ಹೇಳಿ ನಡೆದುಬಿಡುವುದೂ ಸರಿಯಾದ ಉತ್ತರವೇ ಎಂದು ಮಗುವಿಗೆ ತಿಳಿದಿರಬೇಕು. ಸುಳ್ಳು ಹೇಳಿಸಬಾರದು. ಬಾಡಿಗೆ ಮನೆಗಾಗಿ ಒಂದು ಕಡೆಯನ್ನು ಮುಚ್ಚಿಟ್ಟ ಕುಟುಂಬಗಳ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಆ ಗುಟ್ಟನ್ನು ಕಾಯುವ ಕೆಲಸ ಮಗುವಿನ ತಲೆಗೆ ಬಿದ್ದರೆ, ಮುಚ್ಚಿಟ್ಟ ಕಡೆಯವರೆಂದರೆ ತಾನು ನಾಚಿಕೆಪಡಬೇಕಾದ ಸಂಗತಿ ಎಂದೇ ಅದು ಕಲಿಯುತ್ತದೆ.

ಶಾಲೆಗೆ ಸೇರಿಸಿದ ವಾರದಲ್ಲೇ ತರಗತಿಯ ಶಿಕ್ಷಕರನ್ನು ಇಬ್ಬರೂ ಹೋಗಿ ಕಾಣಬೇಕು. ಒಬ್ಬರೇ ಹೋದರೆ ಶಾಲೆಗೆ ಮಗುವಿನ ಒಂದು ಕಡೆಯಷ್ಟೇ ಪರಿಚಯವಾಗುತ್ತದೆ. ಮನೆಯಲ್ಲಿ ಯಾವ ಭಾಷೆಗಳಿವೆ, ಯಾವ ಹಬ್ಬಗಳಿಗೆ ರಜೆ ಬೇಕಾಗುತ್ತದೆ, ಬಿಸಿಯೂಟದ ಸಾಲಿನಲ್ಲಿ ಅಥವಾ ಆಟದ ಬಯಲಿನಲ್ಲಿ ಚುಚ್ಚುಮಾತು ಕೇಳಿಬಂದರೆ ಯಾರಿಗೆ ತಿಳಿಸಬೇಕು ಎಂಬುದನ್ನು ಮಾತಾಡಿ ಬನ್ನಿ. ಬಹುಪಾಲು ಶಿಕ್ಷಕರು ಕೇಳಿದರೆ ಸಹಕರಿಸುತ್ತಾರೆ. ಕೇಳದೆ ಅವರಿಗೆ ತಿಳಿಯುವುದಿಲ್ಲ.

ಆರನೆಯ ಹೆಜ್ಜೆ: ಕಾಗದಪತ್ರ

ಅಮೆರಿಕದ ಜನಗಣತಿಯಲ್ಲಿ ಒಂದಕ್ಕಿಂತ ಹೆಚ್ಚು ಜನಾಂಗಗಳಿಗೆ ಗುರುತು ಹಾಕಲು ಅವಕಾಶ ಸಿಕ್ಕಿದ್ದು 2000ದಲ್ಲಿ. ನಮ್ಮ ಅರ್ಜಿಗಳಲ್ಲಿ ಜಾತಿಗೆ ಈಗಲೂ ಒಂದೇ ಅಂಕಣ. ಅಲ್ಲಿ ಏನು ಬರೆಸುತ್ತೀರಿ ಎಂಬುದು ಸೌಲಭ್ಯದ ಪ್ರಶ್ನೆ, ಅದು ಮಗುವಿನ ಪೂರ್ತಿ ಗುರುತಲ್ಲ; ತಿಳಿಯುವ ವಯಸ್ಸಿನ ಮಗುವಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿ.

ರೂಢಿಯಂತೆ ತಂದೆಯ ಜಾತಿಯನ್ನೇ ಮಗುವಿಗೆ ಬರೆಯುತ್ತಾರೆ. ಆದರೆ ಅಂತರ್ಜಾತಿ ಮದುವೆಯ ಮಗುವಿನ ವಿಷಯದಲ್ಲಿ ಅದು ಕೇವಲ ಪ್ರಾಥಮಿಕ ಊಹೆ, ಮಗು ಪರಿಶಿಷ್ಟ ಸಮುದಾಯದ ತಾಯಿಯ ಮಡಿಲಲ್ಲಿ, ಅವಳ ಸಮುದಾಯದವರ ನಡುವೆ ಬೆಳೆದು ಅವರಂತೆಯೇ ಅವಮಾನ, ಕಷ್ಟಗಳನ್ನು ಉಂಡಿದೆ ಎಂಬುದಕ್ಕೆ ಸಾಕ್ಷ್ಯವಿದ್ದರೆ ತಾಯಿಯ ಜಾತಿಯನ್ನು ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ತೀರ್ಪು ಕೊಟ್ಟಿದೆ. ಅಂಥ ಕುಟುಂಬಗಳು ವಾಸದ ದಾಖಲೆ, ಶಾಲಾ ದಾಖಲೆ, ತಾಯಿಯ ಜಾತಿ ಪ್ರಮಾಣಪತ್ರಗಳನ್ನು ಜೋಡಿಸಿಟ್ಟುಕೊಳ್ಳಬೇಕು. ಮದುವೆಯಿಂದ ಹೆಂಡತಿಯ ಜಾತಿ ಬದಲಾಗುವುದಿಲ್ಲ.

ಗಡಿ ದಾಟಿದ ಮದುವೆಗಳಲ್ಲಿ ಇನ್ನೊಂದು ತೊಡಕಿದೆ, ಅದು ತಿಳಿಯದೆ ಮೋಸ ಹೋದೆವೆಂದು ನೊಂದುಕೊಳ್ಳುವವರಿದ್ದಾರೆ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣ-ಆಂಧ್ರಗಳಲ್ಲಿ ಪರಿಶಿಷ್ಟ ಪಂಗಡ. ನಾಯಕರು ಇಲ್ಲಿ ಪರಿಶಿಷ್ಟ ಪಂಗಡ. ಅವರದೇ ನೆಂಟರಾದ ಕರ್ನೂಲು, ಅನಂತಪುರದ ಬೋಯರು ಅಲ್ಲಿ ಹಿಂದುಳಿದ ವರ್ಗ. ನೆಂಟಸ್ತಿಕೆ ಒಂದೇ ಆದರೂ ಪಟ್ಟಿ ಬೇರೆ. ಒಂದು ರಾಜ್ಯದ ಪ್ರಮಾಣಪತ್ರದ ಮೇಲೆ ಇನ್ನೊಂದು ರಾಜ್ಯದ ಮೀಸಲಾತಿ ದೊರೆಯುವುದಿಲ್ಲ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371-ಜೆ ವಿಧಿಯಡಿಯ ಸೌಲಭ್ಯ ಪ್ರದೇಶಕ್ಕೆ ಸಂಬಂಧಿಸಿದ್ದು, ಜಾತಿಗಲ್ಲ. ಇಲ್ಲಿಯವರಾದ ತಂದೆ ಅಥವಾ ತಾಯಿಯ ಜನನ, ವಾಸ, ಶಾಲೆಯ ದಾಖಲೆಗಳನ್ನು ಜೋಪಾನ ಮಾಡಿ, ಉಪವಿಭಾಗಾಧಿಕಾರಿ ಕಚೇರಿಯಲ್ಲಿ ವಿಚಾರಿಸಬೇಕು.

ಧರ್ಮ ಬೇರೆಯಾದ ದಂಪತಿಗಳು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆ ನೋಂದಾಯಿಸುವುದು ಮಕ್ಕಳ ದೃಷ್ಟಿಯಿಂದಲೂ ಮುಖ್ಯ. ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು. ಇಬ್ಬರಲ್ಲೊಬ್ಬರು ನೋಟಿಸ್ ಕೊಡುವ ಮುನ್ನ 30 ದಿನ ಆ ಜಿಲ್ಲೆಯಲ್ಲಿ ವಾಸವಿರಬೇಕು. ನೋಟಿಸ್ ಪ್ರಕಟವಾಗಿ 30 ದಿನ ಕಳೆಯಬೇಕು. ಮೂವರು ಸಾಕ್ಷಿಗಳು ಬೇಕು. ಬೇರೆ ರೀತಿಯಲ್ಲಿ ಮದುವೆಯಾಗಿರುವವರೂ ಇದೇ ಕಾಯ್ದೆಯಡಿ ನೋಂದಾಯಿಸಿಕೊಳ್ಳಬಹುದು. ಮುಸ್ಲಿಂ ಪುರುಷ, ಹಿಂದೂ ಮಹಿಳೆಯ ನಡುವೆ ನಿಕಾಹ್ ಮಾತ್ರ ಆಗಿದ್ದರೆ ಮಕ್ಕಳು ತಂದೆಯ ಆಸ್ತಿಗೆ ಹಕ್ಕುದಾರರು, ಹೆಂಡತಿಗೆ ಮಾತ್ರ ಆ ಉತ್ತರಾಧಿಕಾರವಿಲ್ಲ ಎಂಬುದು 2019ರ ಸುಪ್ರೀಂ ಕೋರ್ಟ್ ತೀರ್ಪಿನ ಸಾರ. ಹೆಸರಿನ ಕಾಗುಣಿತ, ಅಡ್ಡಹೆಸರುಗಳನ್ನು ಜನನ ಪ್ರಮಾಣಪತ್ರದಲ್ಲೇ ಸರಿಪಡಿಸಿಕೊಳ್ಳಿ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಹಿಡಿದು ಎಲ್ಲ ಕಡೆ ಅದೇ ಆಧಾರ.

ಏಳನೆಯ ಹೆಜ್ಜೆ: ಹದಿಹರೆಯ, ಮತ್ತು ನೆರವು ಬೇಕಾದಾಗ

ಹದಿಮೂರು-ಹದಿನಾಲ್ಕರಲ್ಲಿ ಮಗು ಒಂದು ಕಡೆಗೆ ವಾಲಬಹುದು. ಇದ್ದಕ್ಕಿದ್ದಂತೆ ಐದು ಹೊತ್ತು ನಮಾಜು ಹಿಡಿಯಬಹುದು, ಅಥವಾ ತಾಯಿಯ ಭಾಷೆಯಲ್ಲಿ ಮಾತಾಡುವುದಿಲ್ಲ ಎನ್ನಬಹುದು, ಒಂದು ಸಂಘಟನೆಯ ಧ್ವಜ ತಂದು ಗೋಡೆಗೆ ಅಂಟಿಸಬಹುದು. ತಾನು ಯಾರು ಎಂದು ಹುಡುಕುವ ವಯಸ್ಸಿನಲ್ಲಿ ಎರಡನ್ನೂ ಒಟ್ಟಿಗೆ ಹಿಡಿಯುವುದು ಕಷ್ಟವಾಗಿ ಒಂದನ್ನು ಸ್ವಲ್ಪ ಕಾಲ ಕೆಳಗಿಡುತ್ತಾರೆ. ಕೆಳಗಿಟ್ಟ ಕಡೆಯ ತಂದೆ ಅಥವಾ ತಾಯಿಗೆ ಇದು ಬಹಳ ನೋವಿನ ಕಾಲ. ಆ ನೋವನ್ನು ಗಂಡ-ಹೆಂಡತಿ ಪರಸ್ಪರ ಹಂಚಿಕೊಳ್ಳಬೇಕೇ ಹೊರತು ಮಗುವಿನ ಮೇಲೆ ಹೊರಿಸಬಾರದು. ಎತ್ತಿಕೊಂಡ ಕಡೆಯವರು ಗೆದ್ದೆವೆಂದು ಬೀಗುವುದು ಇನ್ನೂ ಕೆಟ್ಟದ್ದು. ಬೇರೊಬ್ಬರನ್ನು ದ್ವೇಷಿಸುವ ಮಾತು ಬಂದಾಗ ಮಾತ್ರ ಇಬ್ಬರೂ ಒಂದೇ ದನಿಯಲ್ಲಿ ತಡೆಯಬೇಕು. ಇಪ್ಪತ್ತು ದಾಟಿದ, ಇಂಥದೇ ಮನೆಯಲ್ಲಿ ಬೆಳೆದ ಅಣ್ಣನೋ ಅಕ್ಕನೋ ಪರಿಚಯದಲ್ಲಿದ್ದರೆ ಅವರೊಡನೆ ಬೆರೆಯಲು ಬಿಡಿ. ತಂದೆ-ತಾಯಿ ಇಬ್ಬರಿಗೂ ಎರಡು ಬಳಗದ ಬಾಲ್ಯದ ಅನುಭವವಿರುವುದಿಲ್ಲ, ಅವರಿಗೆ ಇದೆ.

ವಾಲುವುದು ಬೇರೆ, ಕುಗ್ಗುವುದು ಬೇರೆ. ಗೆಳೆಯರನ್ನು ಮನೆಗೆ ಕರೆತರಲು ಒಲ್ಲದಿರುವುದು, ಪೋಷಕರ ಸಭೆಗೆ ಅಪ್ಪ-ಅವ್ವರಲ್ಲಿ ಒಬ್ಬರೇ ಬರಲಿ ಎನ್ನುವುದು, ಸೋಮವಾರ ಬೆಳಗಾದರೆ ಹೊಟ್ಟೆನೋವು, ಬಣ್ಣಕ್ಕಾಗಿ ಮುಖಕ್ಕೆ ಏನೇನೋ ಉಜ್ಜಿಕೊಳ್ಳುವುದು, ನಿದ್ದೆ-ಊಟ ಬಿಡುವುದು, "ನಾನು ಹುಟ್ಟದಿದ್ರ ನಿಮಗ ಜಗಳಾನ ಇರ್ತಿರಲಿಲ್ಲ" ಎಂಬಂಥ ಮಾತು ವಾರಗಟ್ಟಲೆ ನಡೆದರೆ ಕಾಯಬಾರದು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗುವಿಗೆ ಅಪಾಯವಿದ್ದರೆ 1098. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿರುವುದರಿಂದ ಮನೋವೈದ್ಯರನ್ನು ಕಾಣಲು ದೂರದ ಊರಿಗೆ ಹೋಗಬೇಕಾಗಿಲ್ಲ. ಜೀವ ಕಳೆದುಕೊಳ್ಳುವ ಮಾತು ಬಂದರೆ ಅದೇ ದಿನ ಕರೆದೊಯ್ಯಿರಿ, ಮಗುವನ್ನು ಒಂಟಿಯಾಗಿ ಬಿಡಬೇಡಿ, ಗದ್ದೆಗೆ ತಂದ ಔಷಧದ ಡಬ್ಬಿಗಳನ್ನು ಮನೆಯಿಂದ ಹೊರಗೆ ಸಾಗಿಸಿ ಬೀಗ ಹಾಕಿ.

ಆಪ್ತಸಮಾಲೋಚಕರ ಬಳಿ ಹೋದಾಗ ಮನೆಯ ಸ್ಥಿತಿಯನ್ನು ಮುಚ್ಚಿಡದೆ ಹೇಳಿ, ಮಗುವಿಗೆ ಅವರೊಡನೆ ಒಬ್ಬರೇ ಮಾತಾಡಲು ಹೊತ್ತು ಕೊಡಿ, ಯಾವ ಭಾಷೆಯಲ್ಲಿ ಮಾತಾಡಬೇಕೆಂಬುದನ್ನು ಮಗುವೇ ಆರಿಸಿಕೊಳ್ಳಲಿ. ಮಗುವಿನ ಮಾತನ್ನು ಕೇಳುವ ಮೊದಲೇ "ಇಂಥ ಮದುವೆಯಾದರೆ ಹೀಗೇ ಆಗುವುದು" ಎಂದು ಯಾರಾದರೂ ತೀರ್ಪು ಕೊಟ್ಟರೆ ಅಲ್ಲಿಗೆ ಮತ್ತೆ ಹೋಗಬೇಡಿ, ಆ ವಾರದಲ್ಲೇ ಇನ್ನೊಬ್ಬರನ್ನು ಕಾಣಿರಿ.